ಗಡಿಗೆಯ ಕೆಳಗಿನ ಹೆಜ್ಜೆ

ಕಳ್ಳನ ಹೆಜ್ಜೆ ಸಿಕ್ಕಾಗ ಅದನ್ನು ತಾವೇ ತುಳಿದು ಅಳಿಸಿಹಾಕಿದ ಪೊಲೀಸ್ ಪಾಟೀಲರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಹದಿನೆಂಟು ವರ್ಷ ಅವರಿಗೆ ರೊಟ್ಟಿ ಬಡಿದು ಹಾಕಿದ್ದೇನೆ. ಅವರು ನನ್ನ ಮಾವನವರು!

ಅಫಜಲಪುರದಿಂದ ಜೇವರ್ಗಿಯ ಕಡೆಗೆ ಹೋಗುವಾಗ, ಭೀಮೆಯನ್ನು ದಾಟುವ ಮೊದಲು ಸಿಗುತ್ತದೆ ನಮ್ಮ ಊರು. ಅಲ್ಲಿಯ ಕಟ್ಟೆಗಳ ಮೇಲೆ ಕುಳಿತು ಈ ಸಂಗತಿಯನ್ನು ಹೇಳಿ ನಗುವವರು ಇಂದಿಗೂ ಇದ್ದಾರೆ. ನಾನೂ ನಗುತ್ತೇನೆ. ಆದರೆ ಅವರು ಕೊನೆಯಿಂದ ಶುರು ಮಾಡುತ್ತಾರೆ. ನಾನು ಕಲಬುರ್ಗಿಯಲ್ಲಿ, ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಬೆಳೆದವಳು. ಮೊದಲಿನದನ್ನು ಮೊದಲು ಹೇಳದಿದ್ದರೆ ನನಗೆ ಊಟ ಮೈಗೆ ಹತ್ತುವುದಿಲ್ಲ.

ಮದುವೆಯಾಗಿ ಬಂದು ಎಂಟು ದಿನ ಆಗಿತ್ತು. ನನ್ನವರು ಸೊಲ್ಲಾಪುರದಲ್ಲಿ ಗುಮಾಸ್ತರು, ಆಗಲೇ ಹೊರಟುಹೋಗಿದ್ದರು. ನಾನು ತವರಿಗೆ ಕಾಗದ ಬರೆಯುತ್ತ ಕುಳಿತಿದ್ದೆ. ಮಾವನವರು ಹಿಂದಿನಿಂದ ಬಂದು ಕನ್ನಡಕ ಏರಿಸಿ ನೋಡಿದರು.

"ತಂಗೀ, ಉರ್ದು ಬರೀಲಾಕ ಬರ್ತದೇನು?"

"ಬರ್ತದ್ರಿ ಮಾವಾರ."

"ತಪ್ಪು?"

"ತಪ್ಪು ಬರಂಗಿಲ್ರಿ."

ಮುಗಿಯಿತು! ಆ ಕಾಲದಲ್ಲಿ ನಮ್ಮ ಕಡೆ ಸರಕಾರಿ ಕಾಗದವೆಂದರೆ ಉರ್ದು. ಪೊಲೀಸ್ ಪಾಟೀಲರಾದವರು ಊರಿನ ವರದಿಯನ್ನು ದಿನಾಲು ಬರೆದು ಠಾಣೆಗೆ ಕಳಿಸಬೇಕಿತ್ತು. ಅಂದಿನಿಂದ ಸಹಿ ಅವರದು, ಅಕ್ಷರ ನನ್ನದು. ಯಾರ ಎಮ್ಮೆ ಯಾರ ಹೊಲ ಹೊಕ್ಕಿತು, ಯಾರು ಯಾರ ಜುಟ್ಟು ಹಿಡಿದರು ಎಂಬುದೆಲ್ಲ ನನ್ನ ಒಲೆಯ ಪಕ್ಕದಲ್ಲಿಯೇ ದಾಖಲಾಗುತ್ತಿತ್ತು. ಕೆಲವು ವರದಿಗಳಿಗೆ ಅರಿಶಿನದ ಬೆರಳು ತಾಗಿದ್ದೂ ಉಂಟು. ಠಾಣೆಯವರು ಅದನ್ನು ಯಾವ ಇಲಾಖೆಯ ಮೊಹರು ಎಂದುಕೊಂಡರೋ!

ಇನ್ನು ಅವರ ಬೂಟು. ಸೊಲ್ಲಾಪುರದಲ್ಲಿ ಒಬ್ಬ ಹಳೆಯ ಸಿಪಾಯಿಯಿಂದ ಕೊಂಡದ್ದು, ಕಾಲಿಗಿಂತ ಎರಡು ಬೆರಳು ದೊಡ್ಡದು. ಮುಂದಿನ ಖಾಲಿ ಜಾಗಕ್ಕೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಪೂಜೆಯ ಮಣೆ, ಊಟದ ಮಣೆ, ಹಾಸಿಗೆ, ಈ ಮೂರು ಕಡೆ ಬಿಟ್ಟರೆ ಆ ಬೂಟು ಅವರ ಕಾಲನ್ನು ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ನಡೆದರೆ ಕಿರ್ರೋ ಎಂದು ಊರ ಬಾಗಿಲು, ಅಗಸೆಯ ತನಕ ಕೇಳುತ್ತಿತ್ತು. ಊರಿನಲ್ಲಿ ಸಮಯ ತಿಳಿಯಬೇಕಾದವರು ಅದನ್ನೇ ಕೇಳಿಸಿಕೊಳ್ಳುತ್ತಿದ್ದರು. ಕಳ್ಳರಿಗೂ ಕಿವಿ ಇರುವುದಿಲ್ಲವೇ?

ಬಾಜು ಮನೆಯ ಗಂಗವ್ವ ಅದನ್ನು ಮುಖದ ಮೇಲೆಯೇ ಹೇಳಿದಳು: "ಪಾಟೀಲ್ರ, ನಿಮ್ಮ ಬೂಟು ಕಳ್ಳಗ 'ಓಡಪ್ಪ, ನಾ ಬರಾಕತ್ತೇನಿ' ಅಂತ ಹೇಳ್ಕೋತನ ಬರ್ತದ ನೋಡ್ರಿ."

ಮಾವನವರು ಅವಳಿಗೆ ಉತ್ತರ ಕೊಡಲಿಲ್ಲ. ಒಳಗೆ ಬಂದು ನನಗೆ ಕೊಟ್ಟರು. "ತಂಗೀ, ಕಾವಲು ಕಾಯಾವನ ಹೆಜ್ಜಿ ಕಳ್ಳನ ಹೆಜ್ಜ್ಯಾಗ ಕೂಡಬಾರದು. ಬೂಟಿನ ಹೆಜ್ಜಿ ಸರಕಾರದ್ದು. ಬರಿಗಾಲಿನ ಹೆಜ್ಜಿ ಕಳ್ಳಂದು. ಇಷ್ಟ ಲಕ್ಷ್ಯದಾಗ ಇಟಗೋ."

ಈ ಲೆಕ್ಕದ ಪ್ರಕಾರ ಮಾವನವರನ್ನೂ ಹತ್ತಿ ವ್ಯಾಪಾರದ ಸಾಹುಕಾರರನ್ನೂ ಬಿಟ್ಟು ಇಡೀ ಊರು ಕಳ್ಳರದೇ ಆಗುತ್ತಿತ್ತು. ಹೇಳಲಿಲ್ಲ. ಹೊಸ ಸೊಸೆ ನಾನು.

ಹೆಜ್ಜೆಯ ವಿಷಯ ಬಂತು, ಅದನ್ನು ಹೇಳಿಯೇ ಮುಂದೆ ಹೋಗಬೇಕು. ಆಗ ನಮ್ಮ ಕಡೆ ಕಳವು ಆದರೆ ಮೊದಲು ಕರೆಯುತ್ತಿದ್ದದ್ದು ಠಾಣೆಯವರನ್ನಲ್ಲ, ಊರಿನ ವಾಲೀಕಾರನನ್ನು. ತಲೆತಲಾಂತರದಿಂದ ಊರು ಕಾಯುವ ಮನೆತನ ಅದು. ಆ ಚಾಕರಿಗಾಗಿ ಒಂದು ತುಂಡು ಹೊಲ ಅವರಿಗೆ. ವಾಲೀಕಾರ ಬಂದು ಕಳ್ಳನ ಒಳ್ಳೆಯ ಹೆಜ್ಜೆ ಒಂದನ್ನು ಹುಡುಕಿ, ಗಾಳಿ ದನ ಕೆಡಿಸದ ಹಾಗೆ ಅದರ ಮೇಲೆ ಗಡಿಗೆ ಬೋರಲು ಹಾಕುತ್ತಿದ್ದ. ಆಮೇಲೆ ಜಾಡು ಹಿಡಿದು ಊರಿನ ಸೀಮೆಯವರೆಗೆ ಹೋಗಿ, ಮುಂದಿನ ಊರಿನ ವಾಲೀಕಾರನನ್ನು ಕರೆಸಿ "ತಗೋ, ಹೆಜ್ಜಿ ನಿನ್ನ ಊರಾಗ ಬಂತು" ಎಂದು ಒಪ್ಪಿಸುತ್ತಿದ್ದ. ಒಪ್ಪಿಸಿದರೆ ಹೊಣೆ ಆ ಊರಿನದು. ಒಪ್ಪಿಸಲು ಆಗದಿದ್ದರೆ ಹೊಣೆ ಇವನದೇ. ಹೊಲವೂ ಹೋಗಬಹುದು. ಹೀಗಾಗಿ ಹೆಜ್ಜೆ ತಮ್ಮ ಸೀಮೆಗೆ ಬರುತ್ತದೆ ಎಂದು ಸುಳಿವು ಸಿಕ್ಕರೆ ಮುಂದಿನ ಊರಿನವರು ಅಂದೇ ಅದೇ ದಾರಿಯಲ್ಲಿ ತಮ್ಮ ದನಗಳನ್ನೆಲ್ಲ ಮೇಯಿಸಲು ಹೊಡೆಯುತ್ತಿದ್ದರು. ದನಗಳಿಗೆ ಏನು ಹಸಿವೋ!

ನಮ್ಮ ವಾಲೀಕಾರ ಸಾಯಬಣ್ಣ ಮಾವನವರಿಗಿಂತ ಹಿರಿಯ. ಬಂಡಿಯ ಗಾಲಿ ಹರಿದು ಎಡಗಾಲಿನ ಕಿರುಬೆರಳು ಹೋಗಿತ್ತು. ಹೆಜ್ಜೆ ಓದುವುದರಲ್ಲಿ ಆಳಂದದ ತನಕ ಅವನ ಹೆಸರಿತ್ತು. ಒಂದು ದಿನ ನಾನು ನೀರು ತಂದು ಒಳಗೆ ಹೋದ ಮೇಲೆ ಅವನು ಅಂಗಳದಲ್ಲಿ ನಿಂತು ಮಾವನವರಿಗೆ ಹೇಳುತ್ತಿದ್ದುದು ಕೇಳಿಸಿತು:

"ಸಣ್ಣವ್ವಾರು ಇವತ್ತ ಕೊಡ ಎಡಕ್ಕ ಹೊತ್ತಾರ್ರಿ. ಸಿಟ್ಟಿನಾಗ ಅದಾರ."

"ಸಿಟ್ಟು ಹೆಜ್ಜ್ಯಾಗ ಕಾಣತದೇನಲೇ?"

"ಹಿಮ್ಮಡ ನೋಡ್ರಿ ಪಾಟೀಲ್ರ, ಹ್ಯಾಂಗ ನೆಲಾ ಗುದ್ದ್ಯಾರ."

ಮಾವನವರು ಒಳಗೆ ಬಂದು ಕೇಳಿದರು: "ತಂಗೀ, ಸಿಟ್ಟ್ಯಾಕ?" ನಾನು ಬೆಚ್ಚಿಬಿದ್ದೆ. ತವರಿಗೆ ಹೋಗಲು ಬಿಡಲಿಲ್ಲವೆಂಬ ಸಿಟ್ಟು ನನ್ನದು. ಮನೆಯಲ್ಲಿ ಯಾರಿಗೂ ತೋರಿಸದೆ ಬಚ್ಚಿಟ್ಟಿದ್ದನ್ನು ಅಂಗಳದ ಮಣ್ಣು ಹೇಳಿಬಿಟ್ಟಿತ್ತು. ಮರುದಿನವೇ ಬಂಡಿ ಕಟ್ಟಿಸಿದರು.

ಇಂಥ ಸಾಯಬಣ್ಣ ಇದ್ದ ಮೇಲೆ ಊರಿಗೆ ಬೇರೆ ಕಾವಲು ಏಕೆ? ಈ ಪ್ರಶ್ನೆ ನಿಮಗೆ ಬಂತು, ನನಗೂ ಬಂದಿತ್ತು. ಮಾವನವರಿಗೆ ಬರಲಿಲ್ಲ. ಯುದ್ಧದ ಕಾಲ ಅದು. ಕಾಳು, ಬಟ್ಟೆ, ಸೀಮೆಎಣ್ಣೆ ಎಲ್ಲಕ್ಕೂ ಕೊರತೆ, ಅಲ್ಲಿ ಇಲ್ಲಿ ಕಳವು. ಠಾಣೆಯಿಂದ ಜವಾನ ನರಸಿಂಗರಾವ ಸೈಕಲ್ ಮೇಲೆ ಬಂದು ಚಾವಡಿಯಲ್ಲಿ ಠಾಣ್ಯ ಹೂಡಿದ. ಸಾಹುಕಾರರು ತಮ್ಮ ಹತ್ತಿಯ ಉಗ್ರಾಣಕ್ಕೆ ಖಾನಸಾಬರೆಂಬ ಒಬ್ಬ ದೊಡ್ಡ ಮೀಸೆಯವರನ್ನು ಪಗಾರ ಕೊಟ್ಟು ತಂದು ನಿಲ್ಲಿಸಿದರು. ಅವರ ಸೊಂಟದಲ್ಲಿ ತಲವಾರ ಇತ್ತು, ಜಂಗು ಹಿಡಿದು ಒರೆಯಿಂದ ಹೊರಗೆ ಬರುತ್ತಿರಲಿಲ್ಲ. ಇದನ್ನು ನೋಡಿ ತಾಲೀಮಿನ ಪೈಲ್ವಾನರಿಗೂ ಹುರುಪು ಬಂತು. ಗುಂಡಪ್ಪ ಪೈಲ್ವಾನನ ಮುಂದಾಳುತನದಲ್ಲಿ, ಯಾರೂ ಕೇಳದಿದ್ದರೂ, ಊರಿನ ರಕ್ಷಣೆಗೆ ಬಡಿಗೆ ಹಿಡಿದು ನಿಂತರು.

ಒಂದು ಸರಕಾರದ್ದು, ಒಂದು ಸಾಹುಕಾರರದ್ದು, ಒಂದು ಊರಿನ ಹುರುಪಿನದ್ದು. ಮೂವರೂ ಒಂದೇ ಓಣಿಯಲ್ಲಿ ಎದುರಾಗಿ ಒಬ್ಬರನ್ನೊಬ್ಬರು "ಯಾರಲೇ ಅದು?" ಎಂದು ತಡೆಯುವುದೇ ಆಯಿತು. ಮಾವನವರಿಗೆ ಇಂಥ ಅವ್ಯವಸ್ಥೆ ಕಂಡರೆ ಎಷ್ಟು ಸಂತೋಷವೆಂದು ಹೇಳಲಾರೆ! "ತಂಗೀ, ದೌತಿ ಲೇಖಣಿ ತಾ" ಎಂದರು. ಮೂರು ದಿನ ಊರಿನ ನಕ್ಷೆ ಬರೆಸಿದರು. ಚಾವಡಿ, ಅಗಸೆ, ಬಾವಿ ಜವಾನನಿಗೆ. ಪೇಟೆ ಓಣಿ ಖಾನಸಾಬರಿಗೆ. ಉಳಿದ ಓಣಿಗಳು ಪೈಲ್ವಾನರಿಗೆ. ಒಬ್ಬರ ಹದ್ದಿನಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಪಟ್ಟಿಯಲ್ಲಿ ಸಾಯಬಣ್ಣನ ಹೆಸರು ಇರಲಿಲ್ಲ. ಕೇಳಿದೆ. "ಅಂವಾ ಇದ್ದೇ ಇರ್ತಾನಲ್ಲ" ಎಂದರು. ಇದ್ದೇ ಇರುವವರನ್ನು ಪಟ್ಟಿಯಲ್ಲಿ ಬರೆಯುವ ರೂಢಿ ನಮ್ಮಲ್ಲಿಲ್ಲ.

ಮೊದಲ ಪರೀಕ್ಷೆ ಗಂಗವ್ವನ ಕುಂಬಳಕಾಯಿಯದು. ಬಳ್ಳಿಯ ಬೇರು ಅವಳ ಹಿತ್ತಲಿನಲ್ಲಿ, ಅಂದರೆ ಪೈಲ್ವಾನರ ಹದ್ದು. ಕಾಯಿ ಬಿಟ್ಟದ್ದು ಆಚೆಯ ಮಾಳಿಗೆಯ ಮೇಲೆ, ಖಾನಸಾಬರ ಹದ್ದು. ಒಂದು ಮಧ್ಯಾಹ್ನ ಯಾರೋ ಕೊಯ್ದುಕೊಂಡು ಹೊರಟಿದ್ದನ್ನು ಮೂವರೂ ಕಂಡರು. ಹೌದು, ಮೂವರೂ ಕಂಡರು! ಗುಂಡಪ್ಪ "ಕಾಯಿ ನಮ್ಮ ಹದ್ದಿಂದಲ್ಲ" ಎಂದ. ಖಾನಸಾಬರು "ಬೇಲ್ ಹಮಾರಾ ನಹೀಂ, ಜಡ್ ಉಧರ್ ಹೈ" ಎಂದು ಬಳ್ಳಿಯನ್ನು ಬೇರಿನ ಕಡೆಯವರಿಗೆ ದಾಟಿಸಿದರು. ನರಸಿಂಗರಾವ "ಮೊದಲು ಅರ್ಜಿ ಕೊಡ್ರಿ" ಎಂದ. ಮಾವನವರು ಬೂಟು ಕಿರುಗುಟ್ಟಿಸುತ್ತ ಬಂದು ಬೇರಿನಿಂದ ಕಾಯಿಯ ತೊಟ್ಟಿನವರೆಗೆ ಹಗ್ಗ ಹಿಡಿದು ಅಳೆಯತೊಡಗಿದರು. ಅಳತೆ ಮುಗಿಯುವುದರೊಳಗೆ ಕುಂಬಳಕಾಯಿ ಕರಜಗಿಯ ದಾರಿ ಹಿಡಿದಿತ್ತು.

ಗಂಗವ್ವ ಸೆರಗು ಸಿಕ್ಕಿಸಿ ನಿಂತಳು. "ಮದಲ ನಾ ಒಬ್ಬಾಕಿ ಕಾಯ್ತಿದ್ದೆ, ಕಾಯಿ ಉಳೀತಿತ್ತು. ಈಗ ಮೂರು ಫೌಜು ಬಂದು ನನ್ನ ಪಲ್ಯಾ ಹೋತು ಬೇ!"

ಯಾರಾದರೂ ಇಲ್ಲಿಗೆ ಬಿಟ್ಟುಬಿಡುತ್ತಿದ್ದರು. ಮಾವನವರು ಬಿಡಲಿಲ್ಲ. ತಪ್ಪು ಹದ್ದಿನಲ್ಲಿಲ್ಲ, ಹೆಜ್ಜೆಯಲ್ಲಿದೆ ಎಂದು ಕಂಡುಹಿಡಿದರು! ಇಷ್ಟು ಜನ ಕಾವಲುಗಾರರು ತಿರುಗಾಡಿದರೆ ಕಳ್ಳನ ಹೆಜ್ಜೆ ಗುರುತಿಸುವುದು ಹೇಗೆ? ಅದಕ್ಕೆ ಖಾನಸಾಬರ ಚಪ್ಪಲಿ ಜೋಡಿಗೆ ಮೂರು ಮೊಳೆ ಹೊಡೆಸಿದರು. ಜವಾನನ ಸರಕಾರಿ ಬೂಟಿಗೆ ಅಡ್ಡಗೀರು ಕೊರೆಸಿದರು. ಪೈಲ್ವಾನರು ಬರಿಗಾಲಿನವರು, ಅವರ ಹೆಬ್ಬೆರಳಿಗೆ ಪುಂಡಿನಾರು ಸುತ್ತಿಸಿದರು. ಎರಡನೆಯ ದಿನವೇ ಗುಂಡಪ್ಪ ನಾರು ಎಡವಿ, ಬಡಿಗೆ ಸಮೇತ ಬಾವಿಕಟ್ಟೆಯ ಮುಂದೆ, ನೀರಿಗೆ ಬಂದ ಹೆಂಗಸರೆಲ್ಲರ ಎದುರಿಗೆ ಅಂಗಾತ ಬಿದ್ದ. ಅಖಾಡದಲ್ಲಿ ಯಾರೂ ಕೆಡವದ ಪೈಲ್ವಾನ!

ಆಮೇಲೆ ಬಂತು ಹೆಜ್ಜೆ ದಫ್ತರ. ಇದು ಮಾವನವರ ಜೀವಮಾನದ ಕನಸು. ಊರಿನ ಪ್ರತಿಯೊಬ್ಬರ ಪಾದವನ್ನು ಕಾಗದದ ಮೇಲೆ ಇಡಿಸಿ, ಸುತ್ತ ಗೆರೆ ಎಳೆದು, ಹೆಸರು ಬರೆದು ಇಟ್ಟರೆ, ಕಳವು ಆದಾಗ ಹೆಜ್ಜೆಗೆ ಪುಟ ಹೊಂದಿಸಿ ನೋಡಿದರಾಯಿತು. ಯಾವ ವಾಲೀಕಾರನೂ ಬೇಡ! ಠಾಣೆಯ ಅಮೀನಸಾಬರು, ಅಂದರೆ ಈಗಿನ ಸಬ್‌ಇನ್ಸ್‌ಪೆಕ್ಟರರು, ಇದನ್ನು ನೋಡಿ ಮೇಲಿನವರಿಗೆ ಬರೆಯುತ್ತಾರೆ, ಇಡೀ ಜಿಲ್ಲೆಯಲ್ಲಿ ಜಾರಿಗೆ ಬರುತ್ತದೆ, ಎಂದು ರೊಟ್ಟಿ ಮುರಿಯುತ್ತ ಹೇಳುವರು. ಗೆರೆ ಎಳೆಯುವವಳು ನಾನೇ. ಒಂದು ತಿಂಗಳು ನಾನು ಊರಿನ ಕಾಲು ಹಿಡಿದೆ.

ಗಂಗವ್ವ ಮಾತ್ರ ಕಾಗದದ ಮೇಲೆ ಕಾಲಿಡಲು ಒಪ್ಪಲಿಲ್ಲ. "ಸರಸೋತಿ ಮ್ಯಾಲ ಕಾಲಿಡ ಅಂತೀರಿ, ಆಮ್ಯಾಲ ದೇವರು ಬಂದು ಕೇಳಿದ್ರ ನೀವು ಸಹಿ ಮಾಡ್ತೀರೇನ್ರಿ ಪಾಟೀಲ್ರ?" ಮಾವನವರು ಮೊದಲ ಪುಟಕ್ಕೆ ತಮ್ಮದೇ ಕಾಲು ಇಟ್ಟರು. ಬೂಟು ಬಿಚ್ಚಿದರೆಂದುಕೊಂಡಿರಾ? ಬೂಟು ಸಮೇತ ಇಟ್ಟರು. ಹೀಗೆ ಪಾದಗಳ ದಫ್ತರದ ಮೊದಲನೆಯ ಪುಟದಲ್ಲಿ ಒಂದು ದೊಡ್ಡ ಬೂಟು ಕುಳಿತುಕೊಂಡಿತು.

ಎಲ್ಲರ ಪಾದವನ್ನೂ ಪಡಸಾಲೆಯಲ್ಲಿ ಬರೆದುಕೊಂಡೆವು. ಸಾಯಬಣ್ಣನ ಪಾದವನ್ನು ಅಂಗಳದಲ್ಲಿ. ಶರಣರ ಮಾತು ಕೇಳಿ ತಲೆದೂಗುವ ಮನೆ ನಮ್ಮದು. ಆದರೆ ವಾಲೀಕಾರ ಪಡಸಾಲೆಯ ಮೆಟ್ಟಿಲು ಹತ್ತುವ ಪದ್ಧತಿ ಇರಲಿಲ್ಲ, ಮುರಿಯಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ನನಗೂ ಹೊಳೆಯಲಿಲ್ಲ. ನಾಲ್ಕು ಬೆರಳಿನ ಎಡಗಾಲಿನ ಸುತ್ತ, ಕೈ ತಾಗದ ಹಾಗೆ ಹುಷಾರಾಗಿ ಗೆರೆ ಎಳೆದೆ. ಸಾಯಬಣ್ಣ ನಕ್ಕ. "ಕಾಗದದ ಮ್ಯಾಲಿನ ಹೆಜ್ಜಿ ಎಲ್ಲಿಗೂ ಹೋಗಂಗಿಲ್ರಿ ಅವ್ವಾರ. ಯಾರನ್ನ ಹಿಡಿತದ ಅದು?"

ಅದೇ ಬೇಸಿಗೆಯಲ್ಲಿ ಲೆವಿ ಬಂತು. ಜೋಳ ಬೆಳೆದವರೆಲ್ಲರೂ ಅದರ ಒಂದು ಪಾಲನ್ನು ಸರಕಾರಕ್ಕೆ ಅಳೆಯಬೇಕು. ಮಾವನವರು ಪಟ್ಟಿ ಮಾಡಿಸಿದರು, ನಾನು ಬರೆದೆ. ಒಬ್ಬರನ್ನೂ ಬಿಡಲಿಲ್ಲ. ಒಂದು ದಿನ ಸಾಯಬಣ್ಣ ಅಂಗಳಕ್ಕೆ ಬಂದು ನಿಂತ.

"ಪಾಟೀಲ್ರ, ಹೊಲ ಇರೋದ ಅಷ್ಟು. ಮನ್ಯಾಗ ಐದು ಬಾಯಿ. ಒಂದು ಚೀಲ ಬಿಡ್ರಿ."

"ನಿನಗ ಬಿಟ್ರ ಎಲ್ಲರಿಗೂ ಬಿಡಬೇಕಾಗತದ. ಕಾಯ್ದೆ ಅಂದ್ರ ಕಾಯ್ದೆ."

"ಮಳಿಗಾಲ ತನಕ ಏನ ತಿನ್ನೂದ್ರಿ?"

"ಅರ್ಜಿ ಕೊಡು. ನೋಡೋಣು."

ಅವನು ನನ್ನ ಕಡೆ ನೋಡಿದ. ಅರ್ಜಿ ಬರೆಯುವವಳು ನಾನೇ ಅಲ್ಲವೇ? ನಾನು ತಲೆ ಬಗ್ಗಿಸಿ ಪಟ್ಟಿಯ ಮುಂದಿನ ಹೆಸರು ಬರೆದೆ. ನನಗೆ ಮಾವನವರು ಹೇಳಿದ್ದು ಸರಿಯೆಂದೇ ಕಂಡಿತ್ತು. ನಿಯಮ ಎಲ್ಲರಿಗೂ ಒಂದೇ ಇರಬೇಕು ಎಂದು ನನಗೆ ಗಂಟೆ ಹೊಡೆದು ಕಲಿಸಿದ್ದರು.

ಅಳೆದ ಜೋಳ ಚಾವಡಿಯ ಹಿಂದಿನ ಕೋಣೆ ಸೇರಿತು. ಅದಕ್ಕೆ ಮೂರೂ ಫೌಜುಗಳ ಸರದಿ ಕಾವಲು. ಪಟ್ಟಿಯನ್ನು ನಕಲು ಮಾಡುವಾಗ ನನಗೊಂದು ಸಂದು ಕಂಡಿತು.

"ಮಾವಾರ, ನಸುಕಿನಾಗ ಖಾನಸಾಬರು ನಮಾಜಿಗೆ ಹೋಗ್ತಾರ. ಪೈಲ್ವಾನರು ತಾಲೀಮಿನಾಗ ಬಸ್ಕಿ ಹೊಡಿತಿರ್ತಾರ. ಜವಾನ ಎದ್ದೇಳೂದು ಬಿಸಲು ಬಿದ್ದ ಮ್ಯಾಲ. ಆ ಹೊತ್ತಿನಾಗ ಯಾರ್ರಿ?"

"ಆ ಹೊತ್ತಿನಾಗ ಕಳ್ಳರು ಮಲಗಿರ್ತಾರ. ನೀ ಬರಿ."

ಕಳ್ಳರಿಗೆ ಈ ಸುತ್ತೋಲೆ ಮುಟ್ಟಿರಲಿಲ್ಲವೆಂದು ಕಾಣುತ್ತದೆ. ವಾರದೊಳಗೆ ಒಂದು ಬೆಳಿಗ್ಗೆ ಹಿಂದಿನ ಕೋಣೆಯ ಕಿಟಕಿಯ ಸರಳು ಬಾಗಿತ್ತು, ಒಂದು ಚೀಲ ಕಡಿಮೆಯಾಗಿತ್ತು.

ಊರೇ ಚಾವಡಿಯ ಮುಂದೆ ಸೇರಿತು. ಜವಾನ ಖಾನಸಾಬರ ಮೇಲೆ, ಖಾನಸಾಬರು ಪೈಲ್ವಾನರ ಮೇಲೆ, ಪೈಲ್ವಾನರು ಜವಾನನ ಮೇಲೆ ಹೊಣೆ ಹೊರಿಸಿದರು. ಸರದಿ ಮಾತ್ರ ತಪ್ಪಲಿಲ್ಲ! ಆ ಗದ್ದಲದಲ್ಲಿ ಸಾಯಬಣ್ಣ ಒಬ್ಬನೇ ಚಾವಡಿಯ ಹಿಂದಕ್ಕೆ ಹೋಗಿ, ದನ ನೀರು ಕುಡಿಯುವ ಕಲ್ಲುದೋಣಿಯ ಪಕ್ಕದ ಹಸಿ ಮಣ್ಣಿನ ಮೇಲೆ ಗಡಿಗೆ ಬೋರಲು ಹಾಕಿ ಬಂದು ಮೂಲೆಯಲ್ಲಿ ನಿಂತಿದ್ದ. "ಒಂದು ಹೆಜ್ಜಿ ಸಿಕ್ಕದ್ರಿ" ಎಂದ. ಅಷ್ಟೇ ಅಂದ.

ಮಾವನವರ ಮುಖ ನೋಡಬೇಕಿತ್ತು! ದಫ್ತರದ ದಿನ ಬಂದೇಬಿಟ್ಟಿತ್ತು. ಠಾಣೆಗೆ ಆಳು ಓಡಿಸಿದರು. ಮಧ್ಯಾಹ್ನಕ್ಕೆ ಉತ್ತರವೂ ಬಂತು: ನಾಳೆ ಅಮೀನಸಾಬರು ಖುದ್ದು ಬರುತ್ತಾರೆ, ಗಡಿಗೆ ಯಾರೂ ಮುಟ್ಟಕೂಡದು, ಹೆಜ್ಜೆಗೆ ದಫ್ತರ ಹೊಂದಿಸಿ ನೋಡುತ್ತಾರೆ, ಹೊಂದಿದವನ ಕೈಗೆ ಅಲ್ಲಿಯೇ ಬೇಡಿ. ಯುದ್ಧದ ಕಾಲದಲ್ಲಿ ಸರಕಾರದ ಕಾಳು ಕದ್ದವನಿಗೆ ಸಣ್ಣ ಶಿಕ್ಷೆ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಉತ್ತರ ಬರುವ ಮೊದಲೇ ಮಾವನವರು ಪಂಚನಾಮೆಗೆಂದು ನನ್ನನ್ನು ದೌತಿ ಸಮೇತ ಕರೆದುಕೊಂಡು ಗಡಿಗೆಯ ಹತ್ತಿರ ಹೋಗಿದ್ದರು. ನಾನು ಎರಡು ಮಾರು ಹಿಂದೆ, ಸೆರಗು ಹೊತ್ತು ನಿಂತಿದ್ದೆ. ಗಡಿಗೆಯ ಅಂಚನ್ನು ಎತ್ತಿ "ಬರಿ ತಂಗೀ: ಎಡಗಾಲಿನ ಹೆಜ್ಜಿ ಒಂದು, ಉದ್ದ..." ಎನ್ನುತ್ತ ಬಗ್ಗಿದರು. ಬಗ್ಗಿದವರು ಹಾಗೆಯೇ ಇದ್ದರು. ಸೊಂಟ ಹಿಡಿಯಿತೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಗಡಿಗೆಯನ್ನು ಮೆಲ್ಲಗೆ ಇಳಿಸಿ, "ಅಳತಿ ನಾಳೆ" ಎಂದರು.

ಮನೆಗೆ ಬಂದವರೇ ದಫ್ತರ ತೆಗೆದರು, ಒಂದು ಪುಟ ನೋಡಿದರು, ಮುಚ್ಚಿದರು. ಊಟಕ್ಕೆ ಕರೆದರೆ ಬರಲಿಲ್ಲ. ದಫ್ತರವನ್ನು ಅದರ ಜಾಗದಲ್ಲಿ ಇಡುವಾಗ ಅದು ತಾನಾಗಿಯೇ ಆ ಪುಟಕ್ಕೆ ತೆರೆಯಿತು. ಅಂಚಿನಲ್ಲಿ ಮಾವನವರ ಹೆಬ್ಬೆರಳಿನ ಹಸಿ ಮಣ್ಣು ಹತ್ತಿತ್ತು. ಪುಟದ ತುಂಬ ನಾನು ಕೈ ತಾಗಿಸದೆ ಬರೆದ ನಾಲ್ಕು ಬೆರಳಿನ ಎಡಗಾಲು.

ಹೌದು. ತನ್ನ ಹೆಜ್ಜೆಯ ಮೇಲೆ ತಾನೇ ಗಡಿಗೆ ಮುಚ್ಚಿದ್ದ! ಕಾಲಿನಿಂದ ಒಮ್ಮೆ ಸವರಿದ್ದರೆ ಮುಗಿಯುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಆದರೆ ಅವನ ಮನೆತನದಲ್ಲಿ ಯಾರೂ ಹೆಜ್ಜೆ ಅಳಿಸಿರಲಿಲ್ಲ. ಚೀಲ ಕದಿಯಲು ಹಸಿವು ಕಲಿಸಿತು. ಹೆಜ್ಜೆ ಅಳಿಸುವುದನ್ನು ಕಲಿಸಲು ಅದಕ್ಕೂ ಆಗಲಿಲ್ಲ. ಮೂರು ಫೌಜು, ಒಂದು ನಕ್ಷೆ, ಒಂದು ದಫ್ತರ ಸೇರಿ ಹಿಡಿಯಲಾಗದ ಕಳ್ಳನನ್ನು ಪಟ್ಟಿಯಲ್ಲಿ ಹೆಸರಿಲ್ಲದ ವಾಲೀಕಾರ ಹಿಡಿದು ಒಪ್ಪಿಸಿದ್ದ.

ಅಂದು ಗಡಿಗೆಯ ಸುತ್ತ ಮೂರೂ ಕಡೆಯವರು ಕುಳಿತರು. ಮಣ್ಣಿನ ಒಂದು ಗಡಿಗೆಗೆ ಅಷ್ಟು ಭಾರಿ ಬಂದೋಬಸ್ತು ನಮ್ಮ ಸೀಮೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಖಾನಸಾಬರು ತಲವಾರದ ಮೇಲೆ ಕೈಯಿಟ್ಟಿದ್ದರು, ಗುಂಡಪ್ಪ ನಾರು ಬಿಚ್ಚಿಟ್ಟು ಜಾಗ್ರತೆಯಾಗಿದ್ದ. ಸರದಿ ಮಾತ್ರ ಮಾವನವರ ಪಟ್ಟಿಯ ಪ್ರಕಾರವೇ.

ಮರುದಿನ ನಸುಕಿಗೆ, ನನ್ನ ಹೊತ್ತಿಗೆ ನಾನು ಎದ್ದೆ. ಖಾನಸಾಬರ ನಮಾಜಿನ ಹೊತ್ತು, ಪೈಲ್ವಾನರ ಬಸ್ಕಿಯ ಹೊತ್ತು, ಜವಾನನ ಗೊರಕೆಯ ಹೊತ್ತು. ಹಿತ್ತಲ ಬಾಗಿಲು ತೆರೆದಿತ್ತು. ಮಾವನವರು ಹಾಸಿಗೆಯಲ್ಲಿ ಇರಲಿಲ್ಲ. ಎಲ್ಲಿಂದಲೂ ಕಿರ್ರೆನ್ನುವ ಸದ್ದು ಬರಲಿಲ್ಲ. ನೋಡಿದರೆ ಬೂಟು ಗೂಡಿನಲ್ಲಿ, ಜೋಡಿಯಾಗಿ, ಒರೆಸಿಟ್ಟಂತೆ ಇದೆ.

ಬೆಳಕು ಹರಿಯುವಾಗ ಬಂದರು. ಒಂದು ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದರು. ಕಟ್ಟೆಯ ಮೇಲೆ ಕುಳಿತು "ನೀರು ತಾ ತಂಗೀ" ಎಂದರು. ಹಿಮ್ಮಡಿಯಲ್ಲಿ ಜಾಲಿ ಮುಳ್ಳು, ಬೆರಳ ಸಂದಿಯಲ್ಲಿ ಎರೆಮಣ್ಣು. ಮೂವತ್ತು ವರ್ಷ ಬೂಟಿನಲ್ಲಿ ಅಡಗಿದ ಪಾದ ಎಳೆಗೂಸಿನದರ ಹಾಗೆ ಬೆಳ್ಳಗೆ, ಮೆತ್ತಗೆ ಇತ್ತು. ಪಿನ್ನಿನಿಂದ ಮುಳ್ಳು ತೆಗೆದೆ.

"ಬೂಟು ಮರತ್ರೇನ್ರಿ ಮಾವಾರ?"

"ಮರತೆ."

ಬೆರಳ ಸಂದಿಯ ಎರೆಮಣ್ಣನ್ನು ನಾನು ನೀರು ಹಾಕಿ ತೊಳೆದೆ.

ಅಮೀನಸಾಬರು ಟಾಂಗಾದಲ್ಲಿ ಬಂದರು. ದಫ್ತರಕ್ಕೆ ಮಾವನವರು ಹೊಲಿಸಿದ್ದ ಕೆಂಪು ಬಟ್ಟೆಯ ಹೊದಿಕೆ ಬಿಚ್ಚಿ, ಹೊಗಳಿ, ಎಲ್ಲರೆದುರು ಗಡಿಗೆ ಎತ್ತಿಸಿದರು. ಕೆಳಗೆ ಒಂದು ದೊಡ್ಡ ಬಲಗಾಲು, ಐದೂ ಬೆರಳು ಸ್ಪಷ್ಟ. ಅದರಡಿಯಲ್ಲಿ ಇನ್ನೊಂದು ಹೆಜ್ಜೆ ಇದ್ದಿರಬೇಕು ಎನ್ನಲು ಒಂದು ಅಂಚಿನ ನೆರಳು ಮಾತ್ರ. ದಫ್ತರವನ್ನು ಕೊನೆಯಿಂದ ಮೊದಲಿನ ತನಕ ಹೊಂದಿಸಿದರು. ಯಾರದೂ ಹೊಂದಲಿಲ್ಲ. ಕೊನೆಗೆ ಉಳಿದದ್ದು ಮೊದಲನೆಯ ಪುಟ. ಅಲ್ಲಿ ಬೂಟು!

"ಏ ಕ್ಯಾ ಹೈ ಪಾಟೀಲಸಾಬ? ಯಾರ ಹೆಜ್ಜಿ ಇದು?"

"ನಂದರಿ" ಎಂದರು ಮಾವನವರು.

ಊರು ಒಂದು ಹೆಜ್ಜೆ ಮುಂದೆ ಸರಿಯಿತು.

"ನಸುಕಿನಾಗ ನೋಡಾಕ ಬಂದಿದ್ದೆ. ಬೂಟು ಕಚ್ಚಾಕತ್ತಿತ್ತು, ಬಿಟ್ಟು ಬಂದೆ. ಗಡಿಗಿ ತಗದು ಬಗ್ಗಿದ್ರ ತೋಲ ತಪ್ಪಿತು, ಕಾಲಿಟ್ಟೆ. ಕಳ್ಳನ ಹೆಜ್ಜಿ ಹೋತ್ರಿ. ತಪ್ಪು ನಂದು. ವಾಲೀಕಾರಂದಲ್ಲ."

ಅಮೀನಸಾಬರು ನಂಬಲಿಲ್ಲ. ಮಾವನವರು ಎಲ್ಲರೆದುರು ಕಲ್ಲುದೋಣಿಯ ಮೇಲೆ ಕುಳಿತು ಬಲಗಾಲಿನ ಬೂಟು ಬಿಚ್ಚಿದರು. ತುರುಕಿದ್ದ ಹತ್ತಿ ಹೊರಗೆ ಉದುರಿತು. ಬರಿ ಪಾದವನ್ನು ಆ ಗುರುತಿನಲ್ಲಿ ಇಟ್ಟರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಮೊದಲು ನಕ್ಕವನು ಜವಾನ. ಆಮೇಲೆ ಖಾನಸಾಬರ ಮೀಸೆ ಅಲುಗಿತು. ಆಮೇಲೆ ಇಡೀ ಊರು! ಗಂಗವ್ವ ಬಾವಿಯ ಹಗ್ಗ ಬಿಟ್ಟು ನಕ್ಕಳು: "ಅಯ್ಯ, ಬರಿಗಾಲಿನ್ಯಾವ ಕಳ್ಳ ಅಂತಿದ್ರಲ್ರಿ ಪಾಟೀಲ್ರ!" ಅಮೀನಸಾಬರು ದಫ್ತರವನ್ನು ನೆಲಕ್ಕೆ ಒಗೆದು, ಬಾಯಿಗೆ ಬಂದದ್ದು ಬೈದು, ಹೋದ ಚೀಲವನ್ನು ಪಾಟೀಲರ ಮನೆಯಿಂದಲೇ ತುಂಬಿಸಬೇಕೆಂದು ಹುಕುಂ ಮಾಡಿ ಟಾಂಗಾ ಹತ್ತಿದರು. ಮಾವನವರು ಒಂದು ಕಾಲಿಗೆ ಬೂಟು, ಒಂದು ಬರಿಗಾಲು ಹಾಗೆಯೇ ಕುಳಿತಿದ್ದರು. ಸಾಯಬಣ್ಣ ಮೂಲೆಯಲ್ಲಿ ನಿಂತಿದ್ದ. ಅವನೊಬ್ಬನೇ ನಗಲಿಲ್ಲ. ನೆಲ ನೋಡುತ್ತಿದ್ದ.

ಅಂದಿನ ವರದಿಯನ್ನು ನಾನೇ ಬರೆದೆ: ಪಾಟೀಲರ ಅಜಾಗರೂಕತೆಯಿಂದ ಹೆಜ್ಜೆ ನಾಶವಾಯಿತು, ಕಳ್ಳ ಸಿಗಲಿಲ್ಲ. ತಪ್ಪಿಲ್ಲದೆ ಬರೆಯುತ್ತೇನೆಂದು ಮಾತು ಕೊಟ್ಟವಳ ಅಕ್ಷರ ಅಂದು ಸ್ವಲ್ಪ ಸೊಟ್ಟಗಿತ್ತು. ಮಾವನವರು ನೋಡಿ ಸಹಿ ಹಾಕಿದರು. ಆಮೇಲೆ ಲೆವಿಯ ಪಟ್ಟಿ ತರಿಸಿ, ಊರ ಚಾಕರಿಯ ಹೊಲಗಳಿಗೆ ಲೆವಿ ಕೂಡದೆಂದು ತಮಗೆ ಈಗ ನೆನಪಾದ ಯಾವುದೋ ಕಾಯ್ದೆಯ ಹೆಸರು ಹೇಳಿ, ಒಂದು ಹೆಸರಿನ ಮೇಲೆ ಗೆರೆ ಎಳೆಸಿದರು. ಆ ಕಾಯ್ದೆಯನ್ನು ನಾನು ಎಲ್ಲಿಯೂ ಓದಲಿಲ್ಲ. ಮೊದಲೇ ನೆನಪಾಗಬಾರದಿತ್ತೇ?

ನಾಲ್ಕು ದಿನ ಬಿಟ್ಟು ನೀರಿಗೆ ಹೋದಾಗ, ದೋಣಿಯ ಪಕ್ಕದಲ್ಲಿ ಗಡಿಗೆ ಮತ್ತೆ ಬೋರಲು ಬಿದ್ದಿತ್ತು. ಯಾರೋ ಮರೆತಿರಬೇಕೆಂದು ಎತ್ತಿದೆ. ಕೆಳಗೆ ಮಾವನವರ ಹೆಜ್ಜೆ, ಇಟ್ಟದ್ದು ಇಟ್ಟ ಹಾಗೆ.

"ಮುಚ್ಚಿಬಿಡ್ರಿ ಅವ್ವಾರ."

ಸಾಯಬಣ್ಣ ದೂರದಲ್ಲಿ ನಿಂತಿದ್ದ.

"ಯಾಕ ಸಾಯಬಣ್ಣ? ಇದು ಕಳ್ಳನ ಹೆಜ್ಜಿ ಅಲ್ಲಲ್ಲ."

"ಅಲ್ಲರಿ." ಅವನು ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತ. "ತೋಲ ತಪ್ಪಿದ ಕಾಲು ಜಾರತದ್ರಿ. ಇದು ಜಾರಿಲ್ಲ. ಭಾಳೊತ್ತು ನಿಂತಾರ ಇದರ ಮ್ಯಾಲ. ತುಳದದ್ದಲ್ರಿ ಇದು. ಇಟ್ಟದ್ದು."

ನಾನು ಗಡಿಗೆ ಮುಚ್ಚಿದೆ.

ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಬಿದ್ದ ದಿನ, ಮಾಳಿಗೆಯ ಮೇಲೆ ಹಾಕಿದ್ದ ಬೆರಣಿ ಒಳಗೆ ತರಲು ಹತ್ತಿದ್ದೆ. ಅಲ್ಲಿಂದ ಚಾವಡಿಯ ಹಿಂಭಾಗ ಕಾಣುತ್ತದೆ. ಜನರೆಲ್ಲ ತಲೆಯ ಮೇಲೆ ಗೋಣಿ ಹಾಕಿಕೊಂಡು ಮನೆಗೆ ಓಡುತ್ತಿದ್ದರು. ಸಾಯಬಣ್ಣ ತನ್ನ ಗೋಣಿಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಆ ಗಡಿಗೆಯ ಮೇಲೆ ಹೊದಿಸಿ, ಗಾಳಿಗೆ ಹಾರದಂತೆ ಸುತ್ತ ಕಲ್ಲು ಇಡುತ್ತಿದ್ದ.